ಮಕ್ಕಳ ಜೊತೆ ಬೆಟ್ಟಕ್ಕೆ ಹೊರಟಿರಾ? ಇಳಿಯೋದರಿಂದ ಲೆಕ್ಕ ಶುರು ಮಾಡಿ

ಹೋದ ವರ್ಷ ಮಾರ್ಚ್‌ನಲ್ಲಿ ಪಾಂಡವಪುರದ ಕುಂತಿಬೆಟ್ಟದ ಬಂಡೆಯೊಂದರ ಮೇಲೆ ನನ್ನ ಚಿಕ್ಕ ಮಗಳು ಕೂತೇಬಿಟ್ಟಳು. ಅವಳಿಗೆ ಆಗ 6 ವರ್ಷ. ಹತ್ತುವಾಗ ಅಣ್ಣನ ಹಿಂದೆ ಮೇಕೆಮರಿ ಹಾಗೆ ಹತ್ತಿದವಳು, ಇಳಿಯೋಕೆ ಅಂತ ತಿರುಗಿದಾಗ ಕೆಳಗಿನ ಕೆರೆ, ತೆಂಗಿನ ತೋಟ, ಕಬ್ಬಿನ ಗದ್ದೆ ಎಲ್ಲಾ ಒಟ್ಟಿಗೇ ಕಣ್ಣಿಗೆ ಬಿದ್ದವು. ಕಾಲು ಏಳಲಿಲ್ಲ. ಹತ್ತೂವರೆ ಬಿಸಿಲು, ಬಂಡೆ ಹೆಂಚಿನ ಹಾಗೆ ಕಾದಿತ್ತು, ಚೀಲದಲ್ಲಿ ಉಳಿದಿದ್ದು ಅರ್ಧ ಬಾಟಲಿ ನೀರು. ಮುಕ್ಕಾಲು ಗಂಟೆಯಲ್ಲಿ ಹತ್ತಿದ ಬೆಟ್ಟವನ್ನ ಇಳಿಯೋಕೆ ಒಂದೂವರೆ ಗಂಟೆ ಹಿಡೀತು.

ಕೆಳಗೆ ಮರದ ನೆರಳಲ್ಲಿ ಕಾಯ್ತಾ ಇದ್ದ ನಮ್ಮ ಮಾವ ಬೈಯಲಿಲ್ಲ. ಮಂಡ್ಯದ ಕಡೆ ಹಳ್ಳಿಯವರು, ಹುಡುಗರಾಗಿದ್ದಾಗ ದನ ಹೊಡ್ಕೊಂಡು ದಿನಾ ಗುಡ್ಡ ಹತ್ತಿ ಇಳಿದವರು. ಮಗೂನ ತೊಡೆ ಮೇಲೆ ಕೂರಿಸಿಕೊಂಡು ಅಂದರು: "ಹತ್ತೋದು ಗುಂಡಿಗೆ ಕೆಲ್ಸ ಕಣವ್ವ, ಇಳಿಯೋದು ಮಂಡಿ ಕೆಲ್ಸ. ಮಂಡಿ ಸುಸ್ತಾದ ಮೇಲೆ ಇಳಿಯಕ್ಕೆ ಹೋದ್ರೆ ಹಿಂಗೇ ಆಗೋದು."

ಅವತ್ತಿಂದ ನಮ್ಮನೇಲಿ ಬೆಟ್ಟದ ಯೋಜನೆ ಉಲ್ಟಾ ನಡೆಯುತ್ತೆ. ಎಷ್ಟು ಹೊತ್ತಿಗೆ ಕೆಳಗಿರಬೇಕು ಅನ್ನೋದು ಮೊದಲು. ಬೇಸಿಗೆ ಆದರೆ ಒಂಬತ್ತು, ಚಳಿಗಾಲ ಆದರೆ ಹತ್ತೂವರೆ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮೆಟ್ಟಿಲಿರೋ ಬೆಟ್ಟ ಆದರೆ ಹತ್ತಿದಷ್ಟೇ ಹೊತ್ತು ಇಳಿಯೋಕೆ. ಬರೀ ಬಂಡೆ ಆದರೆ, 8 ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ, ಹತ್ತಿದ್ದರ ಎರಡರಷ್ಟು. ತುದಿಯಲ್ಲಿ ಕೂತು ತಿನ್ನೋಕೆ ಅರ್ಧ ಗಂಟೆ ಸೇರಿಸಿ. ಆಗ ಹೊರಡೋ ಸಮಯ ತಾನಾಗೇ ಸಿಗುತ್ತೆ. ನೀರಿಗೂ ಇದೇ ನಿಯಮ. ತಂದ ನೀರಲ್ಲಿ ಅರ್ಧ ಖಾಲಿ ಆಯ್ತೋ, ಎಲ್ಲಿದ್ದೀವೋ ಅಲ್ಲಿಂದ ವಾಪಸ್. ತುದಿ ಹತ್ತು ಹೆಜ್ಜೆ ದೂರ ಇದ್ದರೂ ಸರಿ.

ಒಂದೇ ಸಲ ದೊಡ್ಡ ಬೆಟ್ಟಕ್ಕೆ ಹೋಗಬೇಡಿ. ಮೈಸೂರಲ್ಲಿದ್ದರೆ ಒಂದು ತಿಂಗಳು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಸಿ. ಕುವೆಂಪು ದಿನಾ ವಾಕಿಂಗ್ ಬರ್ತಿದ್ದ ಜಾಗ ಅಂತ ದೊಡ್ಡವರಿಗೆ ಸಂತೋಷ, ಹೆಜ್ಜಾರ್ಲೆಗಳು ನೀರಿಗೆ ಇಳಿಯೋದು ನೋಡೋದು ಮಕ್ಕಳಿಗೆ ಸಂತೋಷ. ಮಗು ಕೂರದೆ, ಎತ್ಕೋ ಅನ್ನದೆ ಎಷ್ಟು ಹೊತ್ತು ನಡೆಯುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ಹೊಸ ಶೂ ಕಚ್ಚುತ್ತಾ ಅನ್ನೋದೂ ಅಲ್ಲೇ ಗೊತ್ತಾಗಲಿ.

ಆಮೇಲೆ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು ಅಂದ ತಕ್ಷಣ ಚಿಕ್ಕ ಮಕ್ಕಳಿರೋರು ಹಿಂಜರೀತಾರೆ. ಆದರೆ ಪಾದದಿಂದಲೇ ಶುರು ಮಾಡಬೇಕು ಅಂತ ಯಾರೂ ಹೇಳಿಲ್ಲ. ನಂದಿ ಇರೋದು ದಾರಿಯಲ್ಲಿ ಸುಮಾರು ಮುಕ್ಕಾಲು ಭಾಗ ಮೇಲೆ, ಅಲ್ಲಿಗೆ ವಾಹನದ ರಸ್ತೆ ಇದೆ. 4-5 ವರ್ಷದ ಮಕ್ಕಳಿದ್ದರೆ ನಂದಿ ಹತ್ತಿರ ಇಳಿದು ಅಲ್ಲಿಂದ ಮೇಲಕ್ಕೆ ಹತ್ತಿಸಿ, ಮತ್ತೆ ನಂದಿಗೇ ಇಳಿಸಿ. ಅಷ್ಟು ಸಾಕು. ದೊಡ್ಡದೇವರಾಜ ಒಡೆಯರ್ ಕಾಲದಲ್ಲಿ, ಅಂದರೆ 1659ರಿಂದ 1673ರ ಒಳಗೆ, ಒಂದೇ ಕಲ್ಲಲ್ಲಿ ಕಡೆದ ನಂದಿ ಅದು. ಎತ್ತರ ಸುಮಾರು 15 ಅಡಿ. ಅದರ ಕೊರಳಿನ ಗಂಟೆಗಳನ್ನ ಎಣಿಸು ಅಂತ ಬಿಟ್ಟರೆ ನನ್ನ ಮಗ ಹತ್ತು ನಿಮಿಷ ಅಲ್ಲಾಡಲ್ಲ, ಅಷ್ಟರಲ್ಲಿ ಎಲ್ಲರ ಉಸಿರೂ ಹದಕ್ಕೆ ಬರುತ್ತೆ.

10 ದಾಟಿದ ಮಕ್ಕಳಾದರೆ ಪಾದದಿಂದ ಪೂರ್ತಿ ಹತ್ತಲಿ. ಶುರುವಿನ ಮೆಟ್ಟಿಲುಗಳೇ ಕಡಿದು, ಅಲ್ಲಿ ಓಡೋಕೆ ಬಿಡಬೇಡಿ. ಮಂಡಿ ನೋವಿರೋ ಹಿರಿಯರಿಗೆ ನನ್ನ ಸಲಹೆ ಒಂದೇ: ನಿಧಾನಕ್ಕೆ ಹತ್ತಿ, ಇಳಿಯೋಕೆ ಸಿಟಿ ಬಸ್ಸು ಹಿಡೀರಿ. ಮಾವ ಈಗ ಹೀಗೇ ಮಾಡೋದು, ಮಾರನೇ ದಿನ ಮಂಡಿಗೆ ಎಣ್ಣೆ ತಿಕ್ಕೋ ಕೆಲಸ ಇಲ್ಲ.

ಮೆಟ್ಟಿಲ ಮೇಲೆ ಒಂದನ್ನ ಗಮನಿಸಿ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತಾರೆ. ನೋಡೋಕೆ ಎಷ್ಟು ಚೆಂದವೋ, ತುಂತುರು ಮಳೆ ಬಿದ್ದಾಗ ಅಷ್ಟೇ ಜಾರುತ್ತೆ. ಇಳಿಯುವಾಗ ಮಕ್ಕಳು ಮೆಟ್ಟಿಲ ನಡುವೆ ಕಾಲಿಡಲಿ, ಹಚ್ಚಿರೋ ಅಂಚನ್ನ ತುಳೀದೇ ಇರಲಿ. ಗೌರವಕ್ಕೂ ಅದೇ ಸರಿ. ಆಷಾಢ ಶುಕ್ರವಾರಗಳಂದು ಮಕ್ಕಳನ್ನ ಕಟ್ಟಿಕೊಂಡು ಹತ್ತೋಕೆ ಹೋಗಬೇಡಿ, ಜನಸಾಗರ. ಚೆನ್ನಾಗಿ ಬೆಳಕು ಹರಿಯೋ ಮುಂಚೆಯೂ ಬೇಡ. ಬೆಟ್ಟದಲ್ಲಿ ಚಿರತೆ ಇದೆ.

ಒಂದು ಇಡೀ ದಿನ ಬಿಡುವಿದ್ದರೆ ಮೇಲುಕೋಟೆ. ಮೈಸೂರಿಂದ ಸುಮಾರು 50 ಕಿಲೋಮೀಟರ್. ಕುಟುಂಬಕ್ಕೆ ಇದಕ್ಕಿಂತ ಒಳ್ಳೆ ಜಾಗ ನಮ್ಮ ಕಡೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಬೆಟ್ಟ, ಕೊಳ, ಕಾಡು, ಊಟ ಎಲ್ಲಾ ನಡಿಗೆಯ ದೂರದಲ್ಲೇ. ಬಿಸಿಲೇರೋ ಮುಂಚೆ ಯೋಗಾನರಸಿಂಹಸ್ವಾಮಿ ಬೆಟ್ಟ ಹತ್ತಿ ಇಳಿದುಬಿಡಿ. ಆಮೇಲೆ ಕಲ್ಯಾಣಿ ಮಂಟಪದ ನೆರಳಲ್ಲಿ ಕಾಲು ಚಾಚಿ. ಮಕ್ಕಳಿಗೆ ಇನ್ನೂ ಕಾಲಿದ್ದರೆ ರಾಯಗೋಪುರ, ಅಕ್ಕತಂಗಿ ಕೊಳ. ಆ ಎರಡು ಕೊಳ ಪಕ್ಕಪಕ್ಕದಲ್ಲೇ ಇದ್ದರೂ ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಬೇರೆ ಕೆಲಸಕ್ಕೆ ಅಂತ ಊರವರು ಬಳಸಿಕೊಂಡು ಬಂದಿದ್ದಾರೆ. ಯಾಕೆ ಅಂತ ಮಕ್ಕಳು ಕೇಳೇ ಕೇಳ್ತಾರೆ. ಅಲ್ಲೇ ಜಗುಲಿ ಮೇಲೆ ಕೂತಿರೋ ಅಜ್ಜಿಯರನ್ನ ಕೇಳಿಸಿ, ಕಥೆ ಹೇಳ್ತಾರೆ. ಸುತ್ತಲ ಕಾಡು ತೋಳಗಳಿಗಾಗಿ ಕಾಪಾಡಿರೋ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿಗೆ ಇಳಿಯಬೇಡಿ. ವೈರಮುಡಿ ಸಮಯದಲ್ಲಿ ಹೋದರೆ ಜಾತ್ರೆ ನೋಡಬಹುದು, ಬೆಟ್ಟ ಹತ್ತೋ ಮಾತು ಮರೆತುಬಿಡಿ.

ಮೇಲುಕೋಟೆಯಲ್ಲಿ ಕೋತಿಗಳದ್ದೇ ದೊಡ್ಡ ಪಾಠ. ಕೈಯಲ್ಲಿ ಪ್ಲಾಸ್ಟಿಕ್ ಕವರು ಕಂಡರೆ ಅದರೊಳಗೆ ತಿಂಡಿ ಇದೆ ಅಂತಲೇ ಅವು ತಿಳಿಯೋದು. ತಿಂಡಿ ಪೂರ್ತಿ ಬೆನ್ನಿನ ಚೀಲದೊಳಗೆ, ಜಿಪ್ಪು ಹಾಕಿರಲಿ. ಮಗುವಿನ ಕೈಲಿ ಬಿಸ್ಕತ್ತು ಕೊಡಬೇಡಿ. ಕಿತ್ತುಕೊಳ್ಳೋಕೆ ಬಂದರೆ ಬಿಟ್ಟುಬಿಡು ಅಂತ ಮೊದಲೇ ಹೇಳಿಕೊಟ್ಟಿರಿ. ಹಲ್ಲು ತೋರಿಸಿ ನಗಬಾರದು, ಓಡಬಾರದು.

ಇನ್ನು ಪಾಂಡವಪುರದ ಕುಂತಿಬೆಟ್ಟ. ಪಾಂಡವರು ತಾಯಿ ಕುಂತಿ ಜೊತೆ ಇಲ್ಲಿ ಇದ್ದರು ಅನ್ನೋ ಕಥೆ ಒಂದು ಕಡೆ, ಹೈದರ್ ಮತ್ತು ಟಿಪ್ಪು ನೆರವಿಗೆ ಬಂದ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರಿಂದ ಊರಿಗೆ ಫ್ರೆಂಚ್ ರಾಕ್ಸ್ ಅಂತ ಬಂದ ಹೆಸರು ಇನ್ನೊಂದು ಕಡೆ. ಮೈಸೂರಿಂದ ಸುಮಾರು 30 ಕಿಲೋಮೀಟರ್, ರೈಲೂ ಇದೆ. ಕೆಳಭಾಗ ಸುಲಭ. ಮೇಲಿನ ಬಂಡೆಗಳು 8-9 ವರ್ಷ ಆದ ಮೇಲೇ. ನಾನು ಅಷ್ಟು ಪೆಟ್ಟು ತಿಂದ ಮೇಲೆ ಹೇಳ್ತಿರೋ ಮಾತು ಇದು.

ಬಂಡೆ ಇಳಿಯೋದನ್ನ ಮಾವ ಮಗಳಿಗೆ ಕಲಿಸಿದ ರೀತಿ ಹೇಳಿಬಿಡ್ತೀನಿ. ಮನೆ ಹತ್ತಿರದ ಪಾರ್ಕಿನ ಪುಟ್ಟ ಗುಡ್ಡದ ಮೇಲೆ ಅವಳನ್ನ ಕೂರಿಸಿದರು. ಎರಡೂ ಅಂಗೈ ಬೆನ್ನ ಹಿಂದೆ ಬಂಡೆಗೆ ಊರಬೇಕು. ಹಿಮ್ಮಡಿ ಮೊದಲು ಇಡಬೇಡ, ಪಾದ ಪೂರ್ತಿ ಒತ್ತು. ಒಂದು ಕಾಲು ಗಟ್ಟಿ ಆದ ಮೇಲೇ ಇನ್ನೊಂದು. ಕೆಳಗೆ ಪೂರ್ತಿ ನೋಡಬೇಡ, ಮುಂದಿನ ಕಾಲಿಡೋ ಜಾಗ ಮಾತ್ರ ನೋಡು. ತೀರಾ ಕಡಿದಾಗಿದ್ದರೆ ಏಣಿ ಇಳಿಯೋ ಹಾಗೆ ಬಂಡೆ ಕಡೆ ಮುಖ ಮಾಡಿ ಇಳಿ. ದೊಡ್ಡವರೊಬ್ಬರು ಯಾವಾಗಲೂ ಮಗುವಿಗಿಂತ ಒಂದು ಹೆಜ್ಜೆ ಕೆಳಗಿರಬೇಕು, ಮೇಲಿಂದ ಕೈ ಹಿಡಿದು ಜಗ್ಗಬಾರದು. ಹತ್ತು ಸಲ ಮಾಡಿಸಿದರು. ಡಿಸೆಂಬರ್‌ನಲ್ಲಿ ಮತ್ತೆ ಕುಂತಿಬೆಟ್ಟಕ್ಕೆ ಹೋದಾಗ ಅದೇ ಬಂಡೆಯಿಂದ "ತಾತ, ನೋಡು" ಅಂತ ಕೂಗಿ ಕೂಗಿ ಇಳಿದಳು. ಆ ಬಂಡೆಗಿಂತ ಮೇಲಕ್ಕೆ ಮಾತ್ರ ನಾನು ಕರ್ಕೊಂಡು ಹೋಗಲಿಲ್ಲ.

ಇಳಿಯೋ ಮುಂಚೆ ಇನ್ನೊಂದು ಕೆಲಸ ಇದೆ. ತುದಿಯಲ್ಲಿ ಕೂತಾಗಲೇ ಶೂ ಲೇಸು ಬಿಚ್ಚಿ, ಹಿಮ್ಮಡಿಯನ್ನ ಹಿಂದಕ್ಕೆ ಕುಟ್ಟಿ ಕೂರಿಸಿ, ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ. ಸಡಿಲ ಇದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ನುಗ್ಗಿ ಉಗುರು ಕಪ್ಪಾಗುತ್ತೆ. ಹಿಂದಿನ ರಾತ್ರಿಯೇ ಮಕ್ಕಳ ಕಾಲುಗುರು ಕತ್ತರಿಸಿಟ್ಟಿರಿ.

ಬಂಡೆ ಬೆಟ್ಟಗಳಲ್ಲಿ ಹೆಜ್ಜೇನು ಕಟ್ಟುತ್ತೆ. ಸೆಂಟು, ಪೌಡರು ಬೇಡ. ಗೂಡು ಕಂಡರೆ ಕಿರುಚದೆ ದೂರ ಸರಿಯಿರಿ. ಬೇಸಿಗೆಯಲ್ಲಿ ಬಾದೆಹುಲ್ಲು ಒಣಗಿ ನಿಂತಿರುತ್ತೆ, ಒಂದು ಬೀಡಿ ತುಂಡಿಗೆ ಇಡೀ ಗುಡ್ಡ ಉರಿದುಹೋಗುತ್ತೆ. ಒಲೆ ಹಚ್ಚೋ ಯೋಚನೆಯೇ ಬೇಡ.

ತಿಂಡಿ ಮನೇದೇ ಸರಿ. ಮೊಸರನ್ನ, ಚಿತ್ರಾನ್ನ, ಉಪ್ಪು ಹಾಕಿ ಹೆಚ್ಚಿದ ಸೌತೆಕಾಯಿ, ಮಂಡ್ಯದ ಬೆಲ್ಲದಲ್ಲಿ ಮಾಡಿದ ಕಡಲೆಕಾಯಿ ಉಂಡೆ. ನೀರು ತಲೆಗೆ ಒಂದು ಲೀಟರ್, ಅದರ ಮೇಲೆ ಒಂದು ಬಾಟಲಿ ತೆಳ್ಳಗಿನ ಉಪ್ಪು ಮಜ್ಜಿಗೆ. ಕಾಲು ಹಿಡಕೊಂಡ ಮಗುವಿಗೆ ಮಜ್ಜಿಗೆ ಕೊಟ್ಟು ಐದು ನಿಮಿಷ ಕೂರಿಸಿದರೆ ಸಾಕು, ಎದ್ದು ನಡೆಯುತ್ತೆ.

ಕುಂತಿಬೆಟ್ಟ ಇಳಿದ ಮೇಲೆ ಎಲ್ಲರೂ ತೊಣ್ಣೂರು ಕೆರೆಗೆ ಹೋಗ್ತಾರೆ. ರಾಮಾನುಜಾಚಾರ್ಯರ ಕಾಲದಿಂದ ಇರೋ ಕೆರೆ, ನೀರು ತಿಳಿಯಾಗಿದೆ ಅಂತ ಮೋತಿ ತಲಾಬ್ ಅನ್ನೋ ಹೆಸರೂ ಇದೆ. ಆ ತಿಳಿ ನೀರೇ ಮೋಸ ಮಾಡೋದು. ತಳ ಕಾಣೋದರಿಂದ ಆಳ ಇಲ್ಲ ಅನ್ನಿಸುತ್ತೆ, ಆದರೆ ಗುಡ್ಡಗಳ ನಡುವೆ ಕಟ್ಟಿದ ಕೆರೆ ಅದು, ಎರಡು ಹೆಜ್ಜೆಗೆ ಕಾಲು ಸಿಗದೆ ಹೋಗಬಹುದು. ಕಲ್ಲಿನ ಮೇಲೆ ಪಾಚಿ ಬೇರೆ. ಸುಸ್ತಾದ ಕಾಲಿಗೆ ಜಾರು ಬೇಗ. ಇಲ್ಲಿ ಮುಳುಗಿ ಹೋದವರಿದ್ದಾರೆ. ಬೆಟ್ಟ ಹತ್ತಿಸೋಕೆ ನನಗೆ ಹೆದರಿಕೆ ಇಲ್ಲ, ಕೆರೆ ದಡದಲ್ಲಿ ಮಕ್ಕಳ ಕೈ ಬಿಡೋಕೆ ಇದೆ. ನಮ್ಮ ಮಕ್ಕಳು ಇಲ್ಲಿ ಏರಿ ಮೇಲೆ ಕೂತು ನೀರು ನೋಡ್ತಾರೆ, ಪಾದವನ್ನೂ ಅದ್ದಲ್ಲ. ಎಷ್ಟೇ ಅತ್ತರೂ ಈ ಒಂದು ವಿಷಯದಲ್ಲಿ ನಾನು ಸೋಲಲ್ಲ. ನಂಬಿನಾರಾಯಣ ದೇವಸ್ಥಾನದ ತಣ್ಣನೆ ಕಲ್ಲಿನ ಮೇಲೆ ಹತ್ತು ನಿಮಿಷ ಅಡ್ಡಾಡಿದರೆ ಅಳು ನಿಲ್ಲುತ್ತೆ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಚ್ಚಿಸಿ ಕಂಕುಳು, ಮಂಡಿ ಸಂದು, ಕಿವಿ ಹಿಂದೆ ನೋಡಿ, ಉಣ್ಣೆ ಕಚ್ಚಿಕೊಂಡಿರುತ್ತೆ. ಬಿಸಿನೀರಿನ ಬೋಗುಣಿಗೆ ಒಂದು ಹಿಡಿ ಉಪ್ಪು ಹಾಕಿ ನಾಲ್ಕೂ ಪಾದ ಅದರೊಳಗೆ ಇಡಿಸಿ. ಮುಳ್ಳು ಹೊಕ್ಕಿದ್ದರೆ ನೆನೆದ ಮೇಲೆ ತೆಗೆಯೋದು ಸುಲಭ. ಹೋದ ಸಲ ಆ ಬೋಗುಣಿಯಲ್ಲಿ ಕಾಲಿಟ್ಟುಕೊಂಡೇ ಇಬ್ಬರೂ ನಿದ್ದೆ ಹೋಗಿದ್ದರು. ಮಾವ ಒಬ್ಬೊಬ್ಬರದೇ ಪಾದ ಒರೆಸಿ, ಎತ್ತಿಕೊಂಡು ಹೋಗಿ ಮಲಗಿಸಿದರು.