ಬಾಣಕ್ಕೆ ಗರಿ ಅಂಟಿಸುವ ಜಿಗ್: ಕೊಳ್ಳುವ ಮೊದಲು ಏನು ನೋಡಬೇಕು?

ಬಿಲ್ಲುಗಾರಿಕೆ ಶುರು ಮಾಡಿದವರು ಮೊದಲ ಡಜನ್ ಬಾಣಗಳನ್ನು ಗರಿ ಸಮೇತವೇ ತರಿಸುತ್ತಾರೆ. ಸ್ವಲ್ಪ ದಿನದಲ್ಲೇ ಗರಿ ಕಿತ್ತುಹೋಗೋಕೆ ಶುರುವಾಗುತ್ತದೆ. ಗುರಿಹಲಗೆ ತೂರಿ ಆಚೆ ಹೋದ ಬಾಣ, ಹುಲ್ಲಿನಲ್ಲಿ ಹೂತುಹೋದ ಬಾಣ, ಬೆನ್ನಿಗೆ ಇನ್ನೊಂದು ಬಾಣ ಬಡಿಸಿಕೊಂಡದ್ದು. ಬಾಣದ ಕಡ್ಡಿ, ಅಂದರೆ ಶಾಫ್ಟ್, ಚೆನ್ನಾಗಿರುತ್ತದೆ, ಹೆದೆಗೆ ಸಿಕ್ಕಿಸುವ ನಾಕ್ ಗಟ್ಟಿಯಾಗಿರುತ್ತದೆ, ಗರಿ ಮಾತ್ರ ಹೋಗಿರುತ್ತದೆ. ಇಷ್ಟಕ್ಕೇ ಹೊಸ ಬಾಣ ತರಿಸುವುದು ದಂಡ. ಒಂದು ಒಳ್ಳೆ ಜಿಗ್ ಇದ್ದರೆ ಮನೆಯಲ್ಲೇ, ಮೇಜಿನ ಮೇಲೆ, ಆ ಕೆಲಸ ಮುಗಿಯುತ್ತದೆ.

ಜಿಗ್ ಮಾಡುವುದು ಮೂರು ಕೆಲಸ. ಬಾಣವನ್ನು ಅಲುಗದಂತೆ ಹಿಡಿಯುತ್ತದೆ, ಗರಿಯನ್ನು ಬೇಕಾದ ಕೋನದಲ್ಲಿ ಕೂರಿಸುತ್ತದೆ, ಒಂದು ಗರಿ ಅಂಟಿದ ಮೇಲೆ ಬಾಣವನ್ನು ಸರಿಯಾಗಿ 120 ಡಿಗ್ರಿ (ಬಾಣಕ್ಕೆ ಮೂರು ಗರಿ) ತಿರುಗಿಸಿ ಮುಂದಿನದಕ್ಕೆ ಜಾಗ ಕೊಡುತ್ತದೆ. ಇದರಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಒಂದೇ ಗುಣ: ಹನ್ನೆರಡನೇ ಬಾಣ ಮೊದಲನೆಯದರ ಹಾಗೇ ಬರಬೇಕು. ಕೋನ ಒಂದರ್ಧ ಡಿಗ್ರಿ ತಪ್ಪಿದ್ದರೂ ಎಲ್ಲದರಲ್ಲೂ ಅದೇ ತಪ್ಪಿದ್ದರೆ ಬಿಲ್ಲಿನ ಮೇಲೆ ಗುರಿ ನೋಡುವ ಸೈಟ್ ಸರಿಸಿಕೊಂಡು ಹೊಡೆಯಬಹುದು. ಒಂದೊಂದು ಬಾಣ ಒಂದೊಂದು ಥರ ಇದ್ದರೆ ಯಾವ ಸೈಟ್ ಏನು ಮಾಡುತ್ತೆ ಹೇಳಿ?

ಮೊದಲು ಬಾಣ, ಆಮೇಲೆ ಜಿಗ್

ಅಮೆರಿಕದಲ್ಲಿ ಇಂಥ ಜಿಗ್‌ಗಳನ್ನು ಜಾಸ್ತಿ ಕೊಳ್ಳುವವರಲ್ಲಿ ಬೇಟೆಗಾರರೂ ಇದ್ದಾರೆ. ಹಾಗಾಗಿ ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಯಲ್ಲಿ ಬಹಳಷ್ಟು ಬೇಟೆ ಬಾಣಕ್ಕೆ ಹೇಳಿದ್ದೇ. ಆ ಬಾಣದ ತುದಿಯಲ್ಲಿ ಅಗಲವಾದ ಬ್ಲೇಡಿನ ಅಲಗು ಇರುತ್ತದೆ. ಅದಕ್ಕೆ ಬ್ರಾಡ್‌ಹೆಡ್ ಅಂತಾರೆ. ಅದು ಗಾಳಿಯನ್ನು ಹಿಡಿದು ಬಾಣದ ಮೂತಿಯನ್ನೇ ಅತ್ತಿತ್ತ ಎಳೆಯುತ್ತದೆ. ಅದನ್ನು ನೇರ ಇಡಲು ಹಿಂದೆ ದೊಡ್ಡ ಗರಿ ಬೇಕು, ಜಾಸ್ತಿ ತಿರುಚೂ ಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಆ ಮಾತು ಅಲ್ಲಿಗೇ ಮುಗಿಯಿತು. ನಾವು ಹೊಡೆಯುವುದು ಹಲಗೆಗೆ, ಮೊನೆ ಸಣ್ಣದು, ಗಾಳಿ ಅಷ್ಟು ಹಿಡಿಯುವುದಿಲ್ಲ. ಆದ್ದರಿಂದ ಬೇಟೆಗಾರನೊಬ್ಬ ವಿಡಿಯೋದಲ್ಲಿ ಮೆಚ್ಚಿ ಹೇಳಿದ ಜಿಗ್ಗೇ ನಮಗೂ ಬೇಕು ಅಂತ ಏನಿಲ್ಲ.

ಎಷ್ಟು ದೂರಕ್ಕೆ ಹೊಡೆಯುತ್ತೀರಿ ಅನ್ನುವುದರಿಂದ ಶುರು ಮಾಡಿ. 18 ಮೀಟರಿನ ಒಳಾಂಗಣ ಅಭ್ಯಾಸ ಆದರೆ ದಪ್ಪ ಶಾಫ್ಟ್, ದೊಡ್ಡ ಗರಿ ನಡೆಯುತ್ತದೆ. ಸ್ಪರ್ಧೆಯಲ್ಲಿ ಶಾಫ್ಟ್ ದಪ್ಪಕ್ಕೆ ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ಮಿತಿ 9.3 ಮಿಲಿಮೀಟರ್. ರಿಕರ್ವ್‌ನಲ್ಲಿ (ತುದಿ ಹೊರಬಾಗಿದ ಬಿಲ್ಲು) 70 ಮೀಟರ್, ಕಾಂಪೌಂಡ್‌ನಲ್ಲಿ (ತುದಿಯಲ್ಲಿ ಗಾಲಿ ಇರುವ ಬಿಲ್ಲು) 50 ಮೀಟರ್ ಹೊಡೆಯುವವರಿಗೆ ತೆಳು ಶಾಫ್ಟ್, ಗಿಡ್ಡ ವೇನ್ (ಪ್ಲಾಸ್ಟಿಕ್ ಗರಿ) ಬೇಕು. ವಿಜಯಪುರದ ಕಡೆ ಬಯಲಿನಲ್ಲಿ ಹೊಡೆಯುವವರಂತೂ ಇದನ್ನು ಗಟ್ಟಿಯಾಗಿ ನೆನಪಿಡಬೇಕು, ಅಲ್ಲಿ ಗಾಳಿಗೆ ಗಿಡದ ತಡೆ ಕೂಡ ಇರುವುದಿಲ್ಲ, ಎತ್ತರದ ಗರಿ ಇದ್ದಷ್ಟೂ ಬಾಣ ಪಕ್ಕಕ್ಕೆ ಸರಿಯುತ್ತದೆ.

ಇನ್ನು ಹಕ್ಕಿ ಗರಿಯೋ ಪ್ಲಾಸ್ಟಿಕ್ ವೇನೋ? ಬಿಲ್ಲಿನ ಶೆಲ್ಫ್, ಅಂದರೆ ಹಿಡಿಯ ಮೇಲಿನ ಅಂಚಿನ ಮೇಲೇ ಬಾಣ ಇಟ್ಟು ಹೊಡೆಯುವವರಿಗೆ ನಿಜವಾದ ಗರಿಯೇ ಬೇಕು, ಅದು ಬಿಲ್ಲಿಗೆ ತಾಗಿದರೂ ಮಡಚಿಕೊಂಡು ದಾಟುತ್ತದೆ. ಪ್ಲಾಸ್ಟಿಕ್ ತಾಗಿದರೆ ಬಾಣವನ್ನೇ ಒದೆಯುತ್ತದೆ. ಬಾಣಕ್ಕೆ ಬೇರೆ ಆಸರೆ, ಅಂದರೆ ರೆಸ್ಟ್ ಇರುವ ಬಿಲ್ಲಿಗೆ ವೇನ್ ಸಾಕು, ಬೆಳಗಾವಿಯ ಮಳೆಗಾಲದಲ್ಲಿ ಅದೇ ವಾಸಿ. ಜೂನ್‌ನಿಂದ ಜಡಿ ಹಿಡಿದರೆ ನಿಜವಾದ ಗರಿ ನೆನೆದು ಚಪ್ಪಟೆಯಾಗುತ್ತದೆ. ಗರಿ ಬೇಕೆನ್ನುವವರು ಅಂಗಡಿಯಲ್ಲಿ ಸಿಗುವ ಟರ್ಕಿ ಕೋಳಿಯ ಗರಿ ತಗೊಳ್ಳಿ. ಕಾಡು ಹಕ್ಕಿಯ ಗರಿಗೆ ದಯವಿಟ್ಟು ಕೈ ಹಾಕಬೇಡಿ.

ಕೋನ: ಇಲ್ಲಿ ಸಮಾಧಾನ ಬೇಕು

ಗರಿ ಕೂರಿಸುವ ಬಗೆ ಮೂರು. ಶಾಫ್ಟಿನ ಉದ್ದಕ್ಕೆ ನೆಟ್ಟಗೆ ಕೂರಿಸುವುದು ಒಂದು. ಗರಿಯನ್ನು ನೆಟ್ಟಗೇ ಇಟ್ಟು ಒಂದೆರಡು ಡಿಗ್ರಿ ಓರೆ ಮಾಡುವುದು ಇನ್ನೊಂದು, ಇದು ಆಫ್‌ಸೆಟ್. ಗರಿಯನ್ನೇ ಬಳ್ಳಿಯಂತೆ ಶಾಫ್ಟಿಗೆ ಸುತ್ತುವ ಹಾಗೆ ತಿರುಚಿ ಅಂಟಿಸುವುದು ಮೂರನೆಯದು, ಹೆಲಿಕಲ್. ತಿರುಚು ಜಾಸ್ತಿಯಾದಷ್ಟೂ ಬಾಣ ಬೇಗ ಸುತ್ತಿ ಸ್ಥಿರವಾಗುತ್ತದೆ, ಜೊತೆಗೆ ವೇಗವನ್ನೂ ಬೇಗ ಕಳಕೊಳ್ಳುತ್ತದೆ.

ಸುಮ್ನೆ ಹೆಲಿಕಲ್ ಕ್ಲಾಂಪ್ (ಗರಿಯನ್ನು ಕಚ್ಚಿ ಹಿಡಿಯುವ ಭಾಗ) ತರಿಸಿ ಆಮೇಲೆ ಬೇಜಾರಾಗುವವರು ಬಹಳ. ಹೆಲಿಕಲ್ ಚೆನ್ನಾಗಿ ಹೊಂದುವುದು 4–5 ಇಂಚಿನ ಉದ್ದ ಗರಿಗೆ. 2 ಇಂಚಿನ ಗಿಡ್ಡ ವೇನ್ ಬಾಗುವುದೇ ಅಷ್ಟಕ್ಕಷ್ಟೆ, ಅದಕ್ಕೆ ಆಫ್‌ಸೆಟ್ ಸಾಕು. ತೆಳು ಶಾಫ್ಟಿನ ಮೇಲೆ ಜೋರು ಹೆಲಿಕಲ್ ಕೊಟ್ಟರೆ ಇನ್ನೊಂದು ತೊಂದರೆ, ವೇನ್‌ನ ನಡು ಅಂಟುತ್ತದೆ, ಎರಡೂ ತುದಿ ಮೇಲೇಳುತ್ತವೆ. ಅಂಥ ವೇನ್ ಜಾಸ್ತಿ ದಿನ ಉಳಿಯುವುದಿಲ್ಲ.

ಹಕ್ಕಿ ಗರಿಯಲ್ಲಿ ಎಡ ರೆಕ್ಕೆಯದು, ಬಲ ರೆಕ್ಕೆಯದು ಅಂತ ಬೇರೆ ಬೇರೆ ಇರುತ್ತವೆ, ಅವುಗಳ ಬಾಗು ಹುಟ್ಟಿನಿಂದಲೇ ಬೇರೆ. ಬಲ ರೆಕ್ಕೆಯ ಗರಿಗೆ ಬಲ ಹೆಲಿಕಲ್ ಕ್ಲಾಂಪ್, ಎಡದ್ದಕ್ಕೆ ಎಡ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ ತಗೊಳ್ಳಿ. ಒಂದೇ ಬಾಣಕ್ಕೆ ಎರಡನ್ನೂ ಬೆರೆಸಬಾರದು. ಪ್ಲಾಸ್ಟಿಕ್ ವೇನ್‌ಗೆ ಈ ಚಿಂತೆ ಇಲ್ಲ.

ಯಾವ ಜಿಗ್?

ಒಂದು ಬಾಣ, ಒಂದು ಕ್ಲಾಂಪ್ ಇರುವ ಜಿಗ್ ಮೊದಲನೆಯದು. ಬಿಟ್ಜೆನ್‌ಬರ್ಗರ್ ಇದರಲ್ಲಿ ಹೆಸರುವಾಸಿ, ಪೂರ್ತಿ ಲೋಹದ್ದು, ಕ್ಲಾಂಪನ್ನು ಆಯಸ್ಕಾಂತ ಹಿಡಿದಿಡುತ್ತದೆ. ತರಿಸುವಾಗಲೇ ನೇರ, ಬಲ, ಎಡ ಯಾವ ಕ್ಲಾಂಪ್ ಅಂತ ಹೇಳಬೇಕು. ನಿಧಾನ, ಹೌದು, ಒಂದು ಸಲಕ್ಕೆ ಒಂದೇ ಗರಿ. ಆದರೆ ಕೋನ ನಮ್ಮ ಕೈಯಲ್ಲಿರುತ್ತದೆ, ಬೇರೆ ಬೇರೆ ದಪ್ಪದ ಶಾಫ್ಟಿಗೂ ಹೊಂದುತ್ತದೆ. ಒಂದೇ ಜಿಗ್ ಕೊಳ್ಳುವವರಿಗೆ ನಾನು ಹೇಳುವುದು ಈ ಜಾತಿಯದ್ದನ್ನೇ, ಬೆಲೆ ಕಡಿಮೆ ಇರುವ ಬೇರೆ ಕಂಪನಿಯದ್ದಾದರೂ ಪರವಾಗಿಲ್ಲ.

ಮೂರು ತೋಳು ಒಟ್ಟಿಗೆ ಮುಚ್ಚಿಕೊಂಡು ಮೂರೂ ವೇನ್ ಒಂದೇ ಸಲ ಅಂಟಿಸುವುದು ಇನ್ನೊಂದು ಬಗೆ, ಅರಿಜೋನಾ ಈಜಿ ಫ್ಲೆಚ್ ಆ ಥರದ್ದು. ಬೇಗ ಆಗುತ್ತದೆ, ಕಲಿಯಲೂ ಸುಲಭ. ಕೋನ ಮಾತ್ರ ಮಾಡೆಲ್‌ನಲ್ಲೇ ನಿಂತುಬಿಟ್ಟಿರುತ್ತದೆ, ನಾಳೆ ಬದಲಿಸುತ್ತೇನೆ ಅಂದರೆ ಬೇರೆಯದನ್ನೇ ತರಬೇಕು. ಯಾವ ಬಿಲ್ಲಿಗೆ ಯಾವ ಬಾಣ ಅಂತ ಪೂರ್ತಿ ನಿಶ್ಚಯ ಆದವರಿಗೆ ಚೆನ್ನ.

ಆರು ಬಾಣ ಒಟ್ಟಿಗೆ ಹಿಡಿಯುವ ಜೋ-ಜಾನ್ ಥರದ್ದು ಕ್ಲಬ್ಬಿಗೆ, ತರಬೇತಿ ಕೇಂದ್ರಕ್ಕೆ ಸರಿ. ಒಬ್ಬರಿಗೆ ಬೇಡ. ಬಾಣ ಕೂರುವ ಆರೂ ಮನೆಗಳನ್ನು ಒಂದೇ ಕೋನಕ್ಕೆ ತರುವುದೇ ಒಂದು ಕೆಲಸ.

ಬಿದಿರಿನ ಬಾಣ ಬಳಸುವ ಇಂಡಿಯನ್ ರೌಂಡ್ (ನಮ್ಮ ದೇಶದ ಬಿದಿರು ಬಿಲ್ಲಿನ ಸ್ಪರ್ಧೆ) ಹುಡುಗರು ಒಂಟಿ ಕ್ಲಾಂಪಿನ ಜಿಗ್ಗನ್ನೇ ನೋಡಿ. ಬಿದಿರು ಒಂದೊಂದು ಕಡ್ಡಿ ಒಂದೊಂದು ದಪ್ಪ, ಅಳತೆ ಗೊತ್ತುಮಾಡಿದ ತೋಳಿನ ಜಿಗ್‌ಗೆ ಅದು ಸರಿಯಾಗಿ ಕೂರುವುದಿಲ್ಲ. ಒಲಿಂಪಿಕ್ ರಿಕರ್ವ್‌ನವರು ಬಳಸುವ ಸುರುಳಿ ಆಕಾರದ ಸ್ಪಿನ್ ವೇನ್‌ಗಳಿಗಂತೂ ಕ್ಲಾಂಪೇ ಬೇಕಿಲ್ಲ, ಅವು ಟೇಪಿನಿಂದ ಅಂಟುತ್ತವೆ, ಶಾಫ್ಟಿನ ಮೇಲೆ ಸಮನಾಗಿ ಮೂರು ಗೆರೆ ಎಳೆಯುವ ಸಾಧನ ಇದ್ದರೆ ಆಯಿತು.

ಊರಲ್ಲೇ ಮಾಡಿಸಬಹುದಾ?

ಬೆಳಗಾವಿಯವರಿಗೆ ಒಂದು ಅನುಕೂಲ ಇದೆ. ಉದ್ಯಮಬಾಗದಲ್ಲಿ ಫೌಂಡ್ರಿ, ಲೇಥ್, ಮಿಲ್ಲಿಂಗ್ ಕೆಲಸದವರಿಗೆ ಬರವಿಲ್ಲ, ಹೈಡ್ರಾಲಿಕ್ ಬಿಡಿಭಾಗ ಮಾಡುವ ಕೈಗಳಿಗೆ 120 ಡಿಗ್ರಿಗೆ ಮೂರು ಗುಂಡಿ ಇರುವ ಇಂಡೆಕ್ಸ್ ತಟ್ಟೆ ದೊಡ್ಡ ಮಾತಲ್ಲ. ಅಲ್ಯೂಮಿನಿಯಂ ಬಾಡಿ ಮಾಡಿಸಿ. ನೇರ ಕ್ಲಾಂಪನ್ನು ಉಕ್ಕಿನಲ್ಲಿ ಮಾಡಿಸಿ, ಆಯಸ್ಕಾಂತಕ್ಕೆ ಅಂಟಬೇಕಲ್ವಾ. ಹೆಲಿಕಲ್ ಕ್ಲಾಂಪಿನ ತಿರುವು ಮಾತ್ರ ಕಷ್ಟದ್ದು, ಅದನ್ನು ಕೇಳಬೇಡಿ, ನೇರ ಕ್ಲಾಂಪನ್ನೇ ಓರೆ ಮಾಡಲು ಬರುವ ಹಾಗೆ ಸ್ಲಾಟ್ ಹಾಕಿಸಿ. ನಾಕ್ ಕೂರುವ ಪಟ್ಟಿಯ ದಪ್ಪ ನಿಮ್ಮ ಹೆದೆಯಷ್ಟೇ ಇರಬೇಕು, ಅಳೆದು ಕೊಡಿ. ಕೆಲಸ ಆದ ಮೇಲೆ ಆಯಸ್ಕಾಂತವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅದಕ್ಕೆ ಹಿಡಿದ ಕಬ್ಬಿಣದ ಪುಡಿ ಕ್ಲಾಂಪನ್ನು ಎತ್ತಿಬಿಡುತ್ತದೆ, ಕೋನ ಎಲ್ಲಾ ಹಾಳು.

ತ್ರೀಡಿ ಪ್ರಿಂಟ್ ಜಿಗ್‌ಗಳೂ ಈಗ ಬಳಕೆಯಲ್ಲಿವೆ. ಪಿಎಲ್‌ಎ ಪ್ಲಾಸ್ಟಿಕ್ಕಿನದಾದರೆ ಹುಷಾರು. ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಏಪ್ರಿಲ್‌ನಲ್ಲಿ ಬಾಗಲಕೋಟೆಯ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಸೊಟ್ಟಗಾಗಬಹುದು. ಪಿಇಟಿಜಿ ಇದಕ್ಕಿಂತ ಬಿಸಿ ತಡೆಯುತ್ತದೆ.

ಕೈಗೆ ಬಂದ ಮೇಲೆ ಪರೀಕ್ಷೆ

ಅಂಟು ತೆಗೆಯುವ ಮೊದಲೇ ಇದನ್ನು ಮಾಡಿ. ಬಾಣ ಕೂರಿಸಿ, ನಾಕ್ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ಮುಂದಿನ ಯಾವುದೂ ಸರಿ ಬರುವುದಿಲ್ಲ. ಖಾಲಿ ಕ್ಲಾಂಪ್ ಇಟ್ಟು ಅದರ ಅಂಚಿಗೆ ಸರಿಯಾಗಿ ಶಾಫ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಾಣ ತಿರುಗಿಸುವ ಡಯಲನ್ನು ಮೂರು ಸಲ ತಿರುಗಿಸಿ ಮೊದಲಿನ ಜಾಗಕ್ಕೆ ತನ್ನಿ, ಕ್ಲಾಂಪನ್ನು ತೆಗೆದು ಮತ್ತೆ ಇಡಿ. ಅಂಚು ಅದೇ ಗೆರೆ ಮೇಲೆ ಬಂತಾ? ಬಂದರೆ ಜಿಗ್ ಇಟ್ಟುಕೊಳ್ಳಿ, ಬರದಿದ್ದರೆ ವಾಪಸ್ ಮಾಡಿ. ಆಮೇಲೆ ಕ್ಲಾಂಪಿಗೆ ವೇನ್ ಸಿಕ್ಕಿಸಿ ಶಾಫ್ಟಿಗೆ ತಾಗಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬುಡದಲ್ಲಿ ಎಲ್ಲೂ ಬೆಳಕು ತೂರಬಾರದು. ತೂರಿದರೆ ಕೋನ ಕಡಿಮೆ ಮಾಡಿ.

ಅಂಟಿಸುವಾಗ

ಕಾರ್ಬನ್ ಶಾಫ್ಟ್ ಆದರೆ ಮೊದಲು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ, ಟಕ್ ಅಂದರೆ ಅಥವಾ ಬಿರುಕು ಕಂಡರೆ ಆ ಬಾಣ ಎಸೆಯಿರಿ. ಬಿರಿದ ಕಾರ್ಬನ್ ಬಿಲ್ಲಿನಿಂದ ಹೊರಡುವಾಗ ಒಡೆದು ಕೈಗೆ ಚುಚ್ಚಿಕೊಳ್ಳುತ್ತದೆ, ಇದರಲ್ಲಿ ಆಸೆ ಮಾಡಬೇಡಿ.

ಹಳೇ ಅಂಟನ್ನು ಮೊಂಡು ಚಾಕುವಿನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ವೇನ್ ಬುಡವನ್ನೂ ಒರೆಸಿ. ಆಮೇಲೆ ಅಲ್ಲಿ ಬೆರಳು ಮುಟ್ಟಿಸಬೇಡಿ. ನಾಕ್‌ನ ಗುಂಡಿಯಿಂದ ವೇನ್‌ನ ಹಿಂತುದಿ ಸುಮಾರು 1 ಇಂಚು ಮುಂದೆ ಇರಲಿ. ಫೆವಿಕ್ವಿಕ್ ಜಾತಿಯ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ಹಾಗಾಗಿ ಬೆಳಗಾವಿಯ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ವಿಜಯಪುರದ ಒಣ ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕು. ತೆಳುವಾಗಿ ಒಂದೇ ಗೆರೆ ಸಾಕು. ಕಿಟಕಿ ತೆಗೆದಿಟ್ಟು ಕೂರಿ, ಹೊಗೆ ಕಣ್ಣಿಗೆ ಉರಿ. ಮೂರೂ ಅಂಟಿದ ಮೇಲೆ ಪ್ರತಿ ವೇನ್‌ನ ಮುಂದೆ, ಹಿಂದೆ ಒಂದೊಂದು ಚಿಕ್ಕ ಹನಿ ಹಾಕಿ, ಹಲಗೆಯಲ್ಲಿ ಕೀಳುವುದು ಮುಂತುದಿಯಿಂದಲೇ.

ಕ್ಲಾಂಪಿನ ಅಂಚಿಗೆ ಹತ್ತಿದ ಅಂಟನ್ನು ಆಗಿಂದಾಗ್ಗೆ ಒರೆಸಿ. ಒಣಗಿದ ಸಣ್ಣ ಗಂಟು ಕೂಡ ಮುಂದಿನ ಬಾಣದ ಗರಿಯನ್ನು ಸರಿಸುತ್ತದೆ. ಮೊದಲು ಎರಡೇ ಬಾಣಕ್ಕೆ ಅಂಟಿಸಿ, ರಾತ್ರಿ ಬಿಟ್ಟು, ಮಾರನೇ ದಿನ ಗರಿ ಗಟ್ಟಿಯಾಗಿರುವ ಹಳೇ ಬಾಣಗಳ ಜೊತೆ ಸೇರಿಸಿ ಹೊಡೆದು ನೋಡಿ. ಅವು ಉಳಿದವುಗಳ ಗುಂಪಿನಲ್ಲೇ ಬಿದ್ದರೆ ಮಿಕ್ಕ ಡಜನ್‌ಗೆ ಕೈ ಹಾಕಿ.