ಪ್ರಬಂಧದ ಪ್ರಶ್ನೆ: ಬರೆಯುವ ಮುನ್ನ ಬಿಡಿಸಿ ನೋಡಿ

ಕಾದಂಬರಿ ಮೇಲೆ ಪ್ರಬಂಧ ಬರೆಯಿರಿ ಎಂದರೆ ಹೆಚ್ಚಿನವರು ಸೀದಾ ಕಥೆ ಹೇಳಲು ಶುರು ಮಾಡುತ್ತಾರೆ. ಮೂರು ಪುಟ ತುಂಬುತ್ತದೆ, ಅಂಕ ಮಾತ್ರ ಬರುವುದಿಲ್ಲ. ಪೇಪರ್ ತಿದ್ದುವವರೂ ಆ ಕಾದಂಬರಿ ಓದಿದವರೇ ಅಲ್ವಾ? ಅವರಿಗೆ ಬೇಕಿರುವುದು ಕೇಳಿದ್ದಕ್ಕೆ ಉತ್ತರ. ಹಾಗಾಗಿ ಪೆನ್ನು ಓಡಿಸುವ ಮೊದಲು ಪ್ರಶ್ನೆಯ ಜೊತೆ ಐದು ನಿಮಿಷ ಕೂರಬೇಕು.

ಉದಾಹರಣೆಗೆ ಎರಿಕ್ ಮರಿಯಾ ರೆಮಾರ್ಕ್‌ನ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ತೆಗೆದುಕೊಳ್ಳೋಣ. 1929ರಲ್ಲಿ ಪುಸ್ತಕವಾಗಿ ಬಂದ ಜರ್ಮನ್ ಕಾದಂಬರಿ. ಶಾಲೆಯ ಬೆಂಚಿನಿಂದ ಎದ್ದು ಮೊದಲ ಮಹಾಯುದ್ಧಕ್ಕೆ ಹೋದ ಪೌಲ್ ಬಾಯ್ಮರ್ ಎಂಬ ಹುಡುಗ ಇದರ ಕಥೆ ಹೇಳುತ್ತಾನೆ. ಪ್ರಶ್ನೆ ಹೀಗಿದೆ ಎಂದುಕೊಳ್ಳಿ: “ಯುದ್ಧವು ಈ ಹುಡುಗರ ಮನುಷ್ಯತ್ವವನ್ನು ಪೂರ್ತಿ ಅಳಿಸಿಹಾಕುತ್ತದೆ. ಈ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?”

ಮೊದಲು, ಏನು ಮಾಡಲು ಹೇಳಿದ್ದಾರೆ ನೋಡಿ

‘ವಿವರಿಸಿ’ ಎಂದಿದ್ದರೆ ಕೆಲಸ ಬೇರೆ, ‘ಹೋಲಿಸಿ’ ಎಂದಿದ್ದರೆ ಬೇರೆ. ಇಲ್ಲಿ ‘ಎಷ್ಟರ ಮಟ್ಟಿಗೆ’ ಎಂದಿದ್ದಾರೆ. ಅಂದರೆ ನೀವು ಅಳತೆ ಹಾಕಬೇಕು. ಬರೀ ಹೌದು ಎಂದರೂ ಸಾಲದು, ಬರೀ ಇಲ್ಲ ಎಂದರೂ ಸಾಲದು.

ಆಮೇಲೆ, ಪ್ರಶ್ನೆ ಏನನ್ನು ಒಪ್ಪಿಸಲು ನೋಡುತ್ತಿದೆ ಹುಡುಕಿ

ಅಸಲಿ ಕೆಲಸ ಇರುವುದು ಇಲ್ಲೇ. ಪ್ರಶ್ನೆಯಲ್ಲಿ ‘ಪೂರ್ತಿ’ ಎಂಬ ಪದ ಸುಮ್ನೆ ಬಂದು ಕೂತಿಲ್ಲ. ನೀವು ಅದನ್ನು ಹಿಡಿದು ಜಗಳ ತೆಗೆಯಲಿ ಎಂದೇ ಇಟ್ಟಿದ್ದಾರೆ. ಪ್ರಶ್ನೆ ಹೇಳಿದ್ದೆಲ್ಲ ನಿಜ ಎಂದು ತಲೆಯಾಡಿಸಿಕೊಂಡು ಬರೆದರೆ ಪ್ರಬಂಧ ಚಪ್ಪಟೆಯಾಗುತ್ತದೆ.

ಪ್ರಶ್ನೆಯ ಪರ ಒಂದು ಸನ್ನಿವೇಶ ಹುಡುಕಿದರೆ ಮೊದಲು ನೆನಪಾಗುವುದು ಬೂಟುಗಳು. ಕಾಲು ಕತ್ತರಿಸಿಕೊಂಡ ಕೆಮ್ಮೆರಿಕ್ ಆಸ್ಪತ್ರೆಯಲ್ಲಿ ಸಾಯುತ್ತಾ ಮಲಗಿದ್ದಾನೆ. ನೋಡಲು ಬಂದ ಗೆಳೆಯ ಮ್ಯುಲ್ಲರ್‌ನ ಕಣ್ಣು ಮಂಚದ ಕೆಳಗಿನ ಒಳ್ಳೆಯ ಬೂಟುಗಳ ಮೇಲೆ. ಎಂಥ ಕಲ್ಲು ಮನಸ್ಸು ಎನಿಸುತ್ತದೆ. ಆದರೆ ಪೌಲ್ ಮುಂದೆ ಏನು ಹೇಳುತ್ತಾನೆ ನೋಡಿ. ಕೆಮ್ಮೆರಿಕ್‌ಗೆ ಆ ಬೂಟು ಉಪಯೋಗಕ್ಕೆ ಬರುವಂತಿದ್ದರೆ ಮ್ಯುಲ್ಲರ್ ಅದನ್ನು ಕೇಳುವ ಬದಲು ಮುಳ್ಳುತಂತಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ ಎನ್ನುತ್ತಾನೆ. ಒಂದೇ ಸನ್ನಿವೇಶ, ಎರಡೂ ಕಡೆಗೆ ಸಾಕ್ಷಿ. ಇಂಥದ್ದು ಸಿಕ್ಕರೆ ಬಿಡಬೇಡಿ. ಹತ್ತು ಘಟನೆಗಳನ್ನು ಪಟ್ಟಿ ಮಾಡುವುದಕ್ಕಿಂತ ಇದೊಂದನ್ನೇ ಬಿಡಿಸಿ ಬರೆದರೆ ತೂಕ ಜಾಸ್ತಿ.

ಒಂಬತ್ತನೇ ಅಧ್ಯಾಯ ಇನ್ನೂ ಶ್ರೀಮಂತ. ಶೆಲ್ ಬಿದ್ದು ಆದ ಗುಂಡಿಯಲ್ಲಿ ಪೌಲ್ ಅಡಗಿದ್ದಾಗ ಒಬ್ಬ ಫ್ರೆಂಚ್ ಸೈನಿಕ ಮೇಲೆ ಬೀಳುತ್ತಾನೆ. ಪೌಲ್ ಯೋಚಿಸದೆ ಇರಿಯುತ್ತಾನೆ. ಆದರೆ ಆ ಮನುಷ್ಯ ತಕ್ಷಣ ಸಾಯುವುದಿಲ್ಲ. ಪೌಲ್ ಅವನಿಗೆ ನೀರು ಕುಡಿಸುತ್ತಾನೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ. ಸತ್ತ ಮೇಲೆ ಜೇಬಿನ ಪುಸ್ತಕ ತೆರೆದು ಹೆಸರು ಓದುತ್ತಾನೆ: ಜೆರಾರ್ ದ್ಯುವಾಲ್, ಮುದ್ರಣದ ಕೆಲಸದವನು. ಹೆಂಡತಿ, ಮಗುವಿನ ಫೋಟೋ ಕೂಡ ಇದೆ. ಇಲ್ಲಿಗೆ ನಿಲ್ಲಿಸಿ ‘ಮನುಷ್ಯತ್ವ ಉಳಿದಿದೆ’ ಎಂದು ಬರೆಯುವವರೇ ಬಹಳ. ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ವಾಪಸ್ ಬಂದ ಪೌಲ್‌ಗೆ ಗೆಳೆಯರು ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್ ಓಲ್ರಿಕ್‌ನನ್ನು ತೋರಿಸುತ್ತಾರೆ. ಅವನು ಗುಂಡು ಹೊಡೆದು ಉರುಳಿಸಿದವರ ಲೆಕ್ಕ ಇಡುತ್ತಿದ್ದಾನೆ. ಅದನ್ನು ನೋಡಿದ ಪೌಲ್, ಯುದ್ಧ ಅಂದರೆ ಯುದ್ಧ ತಾನೇ ಎಂದುಕೊಂಡು ಸಮಾಧಾನವಾಗುತ್ತಾನೆ. ಆ ಕೊನೆಯ ಅರ್ಧ ಪುಟ ಓದಿದವರ ಉತ್ತರ ಎಲ್ಲರಂತೆ ಇರುವುದಿಲ್ಲ.

ಈಗ ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಉದಾಹರಣೆಗೆ: ‘ಯುದ್ಧ ಈ ಹುಡುಗರ ಮನುಷ್ಯತ್ವವನ್ನು ಅಳಿಸುವುದಿಲ್ಲ, ಅದನ್ನು ಹೊತ್ತುಕೊಂಡು ಬದುಕಲು ಆಗದಂತೆ ಮಾಡುತ್ತದೆ.’ ನೀವು ಒಪ್ಪಲೇಬೇಕು ಎಂದೇನಿಲ್ಲ. ಆದರೆ ಯಾರಾದರೂ ‘ಇಲ್ಲ’ ಎಂದು ವಾದ ಮಾಡಬಹುದಾದ ವಾಕ್ಯವೇ ಆಗಿರಬೇಕು. ‘ಯುದ್ಧ ಕೆಟ್ಟದ್ದು’ ಎಂದರೆ ಯಾರು ತಾನೇ ಜಗಳಕ್ಕೆ ಬರುತ್ತಾರೆ? ಪ್ರತಿ ಪ್ಯಾರಾ ಈ ವಾಕ್ಯಕ್ಕೆ ಕೆಲಸ ಮಾಡಬೇಕು. ಮಾಡದಿದ್ದರೆ ಹೊಡೆದು ಹಾಕಿ.

ಹೇಗೆ ಹೇಳಿದ್ದಾರೆ ಎಂಬುದನ್ನೂ ಸೇರಿಸಿ

ಇಡೀ ಕಾದಂಬರಿ ‘ನಾನು’, ‘ನಾವು’ ಎಂದು ಸಾಗುತ್ತದೆ. ಕೊನೆಯಲ್ಲಿ ಮಾತ್ರ ಇನ್ಯಾರೋ ಬಂದು, 1918ರ ಅಕ್ಟೋಬರ್‌ನಲ್ಲಿ ‘ಅವನು’ ಸತ್ತ ಎಂದು ಎರಡೇ ಪುಟ್ಟ ಪ್ಯಾರಾಗಳಲ್ಲಿ ತಿಳಿಸುತ್ತಾರೆ. ಅಂದಿನ ಸೇನಾ ವರದಿಯಲ್ಲಿ ವಿಶೇಷ ಏನೂ ಇರಲಿಲ್ಲವಂತೆ. ಪೌಲ್‌ನ ದನಿಯನ್ನೇ ಕಿತ್ತುಕೊಂಡ ಈ ತಿರುವು ಮೇಲಿನ ಪ್ರಶ್ನೆಗೆ ದೊಡ್ಡ ಸಾಕ್ಷಿ. ಕಥೆಯನ್ನಷ್ಟೇ ನೋಡುವವರು ಇದನ್ನು ಬಿಟ್ಟುಬಿಡುತ್ತಾರೆ.

ಹಿನ್ನೆಲೆ ಎಷ್ಟು ಬೇಕು? ಸ್ವಲ್ಪ. ರೆಮಾರ್ಕ್ ಸ್ವತಃ ಸೈನಿಕನಾಗಿದ್ದ, 1917ರಲ್ಲಿ ಗಾಯಗೊಂಡಿದ್ದ. 1933ರಲ್ಲಿ ನಾಜಿಗಳು ಈ ಪುಸ್ತಕವನ್ನು ಸುಟ್ಟರು. ವಾದಕ್ಕೆ ಬೇಕಾದ ಕಡೆ ಒಂದು ಸಾಲು ಹಾಕಿ, ಮೊದಲ ಪ್ಯಾರಾದಲ್ಲಿ ಲೇಖಕರ ಜೀವನಚರಿತ್ರೆ ಬರೆಯಬೇಡಿ. ಇನ್ನೊಂದು, ಪೌಲ್‌ನೇ ರೆಮಾರ್ಕ್ ಎಂದು ಬರೆಯಬೇಡಿ. ಪೌಲ್ ಸಾಯುತ್ತಾನೆ, ರೆಮಾರ್ಕ್ ಬದುಕಿ ಈ ಕಾದಂಬರಿ ಬರೆದ.

ಅಭ್ಯಾಸಕ್ಕೆ ಒಂದು ಪ್ರಶ್ನೆ: “ಈ ಹುಡುಗರ ಸಾವಿಗೆ ಮೇಷ್ಟರು ಕಾಂಟೊರೆಕ್ ಕಾರಣ. ಚರ್ಚಿಸಿ.” ಸೈನ್ಯಕ್ಕೆ ಸೇರಿ ಎಂದು ತರಗತಿಯ ಹುಡುಗರನ್ನು ಹುರಿದುಂಬಿಸಿದವರು ಈ ಮೇಷ್ಟರೇ. ಹಾಗೆ ಸೇರಲು ಹಿಂಜರಿದ ಯೋಸೆಫ್ ಬೇಮ್‌ನಿಂದ ಶುರು ಮಾಡಿ. ಆಮೇಲೆ ಅದೇ ಮೇಷ್ಟರು ಸೈನ್ಯಕ್ಕೆ ಬಂದು, ತಮ್ಮ ಹಳೆಯ ವಿದ್ಯಾರ್ಥಿ ಮಿಟ್ಟೆಲ್‌ಸ್ಟೆಟ್‌ನ ಕೈಯಲ್ಲಿ ಕವಾಯತು ಮಾಡುವ ಪುಟಗಳಿಗೆ ಹೋಗಿ. ಹುಡುಕಬೇಕಾದ ಪದ ಯಾವುದು ಎಂದು ಈಗ ಗೊತ್ತಲ್ಲ: ‘ಕಾರಣ’.