ಹಿಮ್ಮಡಿಗೆ ಚೀಲ ತಾಗದ ಸೈಕಲ್

ಉಡುಪಿಯಲ್ಲಿ ನನ್ನದು ಗೇಟ್, ಗ್ರಿಲ್ ಮಾಡುವ ಸಣ್ಣ ವರ್ಕ್‌ಶಾಪ್. ಟಿಗ್ ವೆಲ್ಡಿಂಗ್ ಕೈಗೆ ಕೂತಿದೆ. ಅಕ್ಕನ ಮಗನಿಗೆ ಸಾಮಾನು ಕಟ್ಟಿಕೊಂಡು ದೂರ ಹೋಗುವ ಸೈಕಲ್ ಬೇಕಿತ್ತು. ಫ್ರೇಮ್‌ಗೆ ಎಂದು ತೆಗೆದಿಟ್ಟದ್ದು 12,000 ರೂಪಾಯಿ. ಅಷ್ಟರಲ್ಲಿ ಎಲ್ಲವೂ ಸಿಗುವುದಿಲ್ಲ. ಯಾವುದನ್ನು ಬಿಡುವುದು ಎಂದು ಯೋಚಿಸಲು ವೆಲ್ಡಿಂಗ್‌ಗಿಂತ ಜಾಸ್ತಿ ದಿನ ಹಿಡಿಯಿತು.

ಮೊದಲು ಬಿಟ್ಟದ್ದು ಹಗುರ ಮಾಡುವ ಆಸೆ. ದುಬಾರಿ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಗಟ್ಟಿ ಸ್ಟೀಲ್) ಟ್ಯೂಬ್‌ಗಳು ಡಬಲ್ ಬಟೆಡ್ ಆಗಿರುತ್ತವೆ. ಅಂದರೆ ವೆಲ್ಡ್ ಬೀಳುವ ತುದಿಗಳಲ್ಲಿ 0.9 ಮಿ.ಮೀ. ದಪ್ಪ, ನಡುವೆ 0.6. ಕೂತು ಲೆಕ್ಕ ಹಾಕಿದೆ. ಹ್ಯಾಂಡಲ್ ಕೆಳಗಿನಿಂದ ಪೆಡಲ್ ಕಡೆಗೆ ಇಳಿಯುವ 31.8 ಮಿ.ಮೀ. ವ್ಯಾಸದ ಡೌನ್ ಟ್ಯೂಬ್‌ನಲ್ಲಿ ಇದರಿಂದ ಉಳಿಯುವುದು ಸುಮಾರು 80 ಗ್ರಾಂ. ಹುಡುಗ ಹೊರುವ ಸಾಮಾನು 15 ಕಿಲೋ. ಉದ್ದಕ್ಕೂ 0.9 ಇರುವ 4130 (ಅದೂ ಕ್ರೋಮೋಲಿಯೇ) ಟ್ಯೂಬ್ ತಂದೆ.

ಹಾಗಾದರೆ ಗ್ರಿಲ್‌ಗೆ ಹಾಕುವ ಮೈಲ್ಡ್ ಸ್ಟೀಲ್ ಸಾಕಲ್ವಾ? ಅಳತೆ ಒಂದೇ ಆದರೆ ಎರಡರ ತೂಕವೂ ಒಂದೇ, ಬಿಗಿಯೂ ಒಂದೇ. ಆದರೆ ಮೈಲ್ಡ್ ಸ್ಟೀಲ್ ಕಡಿಮೆ ಭಾರಕ್ಕೇ ಬಾಗಿ ಹಾಗೆಯೇ ಉಳಿದುಬಿಡುತ್ತದೆ. ಅದನ್ನು ತಡೆಯಲು ಟ್ಯೂಬ್ ದಪ್ಪ ಮಾಡಬೇಕು, ಆಗ ಫ್ರೇಮ್ ನಿಜವಾಗಿ ಭಾರವಾಗುತ್ತದೆ. ಅದಕ್ಕೇ ಅಲ್ಲಿ ದುಡ್ಡು ಉಳಿಸಲಿಲ್ಲ.

ಸೀಟಿನ ಕೆಳಗಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಟಾಪ್ ಟ್ಯೂಬ್‌ಗೆ ಮಾತ್ರ ಬೇಕೆಂದೇ ತೂಕ ಸೇರಿಸಿದೆ. ಹಿಂದೆ ಭಾರ ಕಟ್ಟಿದ ಸೈಕಲ್ ಇಳಿಜಾರಿನಲ್ಲಿ ಹಾವಿನ ಹಾಗೆ ತೊನೆಯುವುದುಂಟು, ಹ್ಯಾಂಡಲ್ ನಡುಗುತ್ತದೆ. ಟಾಪ್ ಟ್ಯೂಬ್ ಬಿಗಿಯಾದಷ್ಟೂ ಅದು ಕಮ್ಮಿ. ಟಾಪ್ ಟ್ಯೂಬ್ ಸಾಮಾನ್ಯವಾಗಿ 28.6 ಮಿ.ಮೀ. ಇರುತ್ತದೆ. ನಾನು 31.8 ಹಾಕಿದೆ. ತೂಕ ಏರಿದ್ದು 40 ಗ್ರಾಂ, ಬಿಗಿ ಏರಿದ್ದು ಮೂರನೇ ಒಂದು ಪಾಲಿಗಿಂತ ಜಾಸ್ತಿ. ಇಡೀ ಫ್ರೇಮ್‌ನಲ್ಲಿ ಇಷ್ಟು ಲಾಭದ 40 ಗ್ರಾಂ ಬೇರೆ ಇಲ್ಲ.

ಎಲ್ಲಕ್ಕಿಂತ ಕಾಡಿದ್ದು ಚೈನ್ ಸ್ಟೇ, ಅಂದರೆ ಪೆಡಲ್ ಆಕ್ಸಲ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಎರಡು ಟ್ಯೂಬ್. ಸ್ಕ್ರ್ಯಾಪ್ ಪೈಪ್‌ನಲ್ಲಿ ಬರೀ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ 425 ಮಿ.ಮೀ.ಗೆ ಮಾದರಿ ಮಾಡಿದೆ. ಕ್ಯಾರಿಯರ್‌ಗೆ ಎರಡೂ ಬದಿ ಚೀಲ ತೂಗಿಸಿ ಹುಡುಗನನ್ನು ಕೂರಿಸಿದೆ. ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ತಾಗಿತು. ಚೀಲ ಹಿಂದೆ ಸರಿಸಿದರೆ ಭಾರ ಆಕ್ಸಲ್‌ನ ಆಚೆ ಹೋಗಿ ಬಾಲ ಅಲ್ಲಾಡುತ್ತದೆ. ಕೊನೆಗೆ 455ಕ್ಕೆ ಒಯ್ದೆ.

"ಇಷ್ಟು ಉದ್ದ ಎಂತಕ್ಕೆ ಮಾವ? ಘಾಟಿ ಹತ್ತುವಾಗ ಭಾರ ಆಗುದಿಲ್ವಾ?"

"ಹತ್ತುವಾಗ ಮುಂದಿನ ಚಕ್ರ ಏಳದೆ ನೆಲಕ್ಕೆ ಕೂತಿರ್ತದೆ ಮಾರಾಯಾ."

ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಹತ್ತುವವರಿಗೆ ಇದು ಗೊತ್ತಾಗುತ್ತದೆ. ಕಳೆದುಕೊಂಡದ್ದು ಪೇಟೆಯ ಸಂದಿಯಲ್ಲಿ ಚುರುಕಾಗಿ ತಿರುಗುವ ಗುಣ. ಅದು ನಿಜವಾದ ನಷ್ಟವೇ, ಆದರೆ ಈ ಸೈಕಲ್‌ನ ಕೆಲಸ ಬೇರೆ.

ಉದ್ದ ಮಾಡಿದ್ದರಿಂದ ಇನ್ನೊಂದು ಗಂಟು ಸಡಿಲವಾಯಿತು. ಪೆಡಲ್ ಆಕ್ಸಲ್ ಕೂರುವ ಶೆಲ್‌ನ ಅಗಲ 68 ಮಿ.ಮೀ. ಅದರ ಹಿಂದೆಯೇ ಟಯರ್, ಮಡ್‌ಗಾರ್ಡ್, ಚೈನ್ ರಿಂಗ್ (ಪೆಡಲ್ ಬಳಿಯ ಹಲ್ಲಿನ ಚಕ್ರ) ಮೂರಕ್ಕೂ ಜಾಗ ಬೇಕು. 40 ಮಿ.ಮೀ. ಟಯರ್‌ಗೆ ಎರಡೂ ಬದಿ ಆರಾರು ಮಿ.ಮೀ. ಬಿಟ್ಟರೆ 52. ನಮ್ಮ ಕೆಂಪು ಮಣ್ಣು ಮಳೆಯಲ್ಲಿ ಅಂಟಿಕೊಂಡರೆ ಅದಕ್ಕಿಂತ ಕಡಿಮೆ ಸಾಲದು. ಚೈನ್ ಸ್ಟೇ ಉದ್ದವಾದ್ದರಿಂದ ಟಯರ್ ಹಿಂದೆ ಸರಿಯಿತು. ಬಲಗಡೆಯ ಟ್ಯೂಬನ್ನು ಚೈನ್ ರಿಂಗ್ ಹತ್ತಿರ ವೈಸ್‌ನಲ್ಲಿ ಸ್ವಲ್ಪ ಅದುಮಿದರೆ ಸಾಕಾಯಿತು.

ಚಕ್ರ ಎಂಟಿಬಿಯ (ಮೌಂಟನ್ ಬೈಕ್) 26 ಇಂಚು, ಹಿಂದಿನ ಚಕ್ರ ಕೂರುವ ಜಾಗದ ಅಗಲ 135 ಮಿ.ಮೀ. ಇದಕ್ಕೆ ಹೆಚ್ಚು ಯೋಚಿಸಲಿಲ್ಲ. ತೀರ್ಥಹಳ್ಳಿ, ಕೊಪ್ಪದಂಥ ಊರಲ್ಲಿ ಕೇಳಿದರೂ ಟಯರ್ ಒಳಗಿನ ಟ್ಯೂಬ್ ಸಿಗಬೇಕು, ಅಷ್ಟೇ.

ವೆಲ್ಡಿಂಗ್‌ನ ಬಿಸಿಗೆ ಹಿಂಭಾಗ ಎಡಕ್ಕೆ 4 ಮಿ.ಮೀ. ಎಳೆದಿತ್ತು. ಹ್ಯಾಂಡಲ್ ಕೂರುವ ಹೆಡ್ ಟ್ಯೂಬ್ ಸುತ್ತಿ ಎರಡೂ ಡ್ರಾಪ್‌ಔಟ್‌ಗೆ (ಚಕ್ರದ ಆಕ್ಸಲ್ ಕೂರುವ ಸೀಳಿಗೆ) ದಾರ ಕಟ್ಟಿ, ಸೀಟ್ ಕೂರುವ ಸೀಟ್ ಟ್ಯೂಬ್‌ನಿಂದ ಅಂತರ ಅಳೆದಾಗ ಗೊತ್ತಾಯಿತು. ನಾನು ಅವಸರದಲ್ಲಿ ಒಂದೇ ಬದಿ ಪೂರ್ತಿ ಮುಗಿಸಿದ್ದೆ. ತಣ್ಣಗಾದ ಮೇಲೆ ಮೆಲ್ಲಗೆ ಎಳೆದು ಸರಿ ಮಾಡಿದೆ. ಸ್ಟೀಲ್ ಆದ್ದರಿಂದ ಅದು ಸಾಧ್ಯವಾಯಿತು, ಅಲ್ಯೂಮಿನಿಯಂನಲ್ಲಿ ಹೀಗೆ ಎಳೆಯಲು ಧೈರ್ಯ ಬರುತ್ತಿರಲಿಲ್ಲ.

ತುಕ್ಕಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಮಾಡಲಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಆ ಉಪ್ಪು ಗಾಳಿಯಲ್ಲಿ ಪೇಂಟ್ ಹೊರಗಿನದನ್ನು ಕಾಯುತ್ತದೆ, ಫ್ರೇಮ್ ಸಾಯುವುದು ಒಳಗಿನಿಂದ. ಸೀಟ್ ಬಿಗಿಮಾಡಲು ಸೀಟ್ ಟ್ಯೂಬ್‌ನ ಮೇಲ್ತುದಿಯಲ್ಲಿರುವ ಸೀಳು ಸಾಮಾನ್ಯವಾಗಿ ಹಿಂದಕ್ಕೆ ಇರುತ್ತದೆ, ಚಕ್ರ ಎರಚುವ ನೀರು ಸೀದಾ ಅಲ್ಲಿಗೇ. ಅದನ್ನು ಮುಂದಕ್ಕೆ ತಿರುಗಿಸಿದೆ. ಶೆಲ್‌ನ ಕೆಳಗೆ ನೀರು ಇಳಿಯಲು ಒಂದು ತೂತು ಕೊರೆದೆ. ಪೌಡರ್ ಕೋಟಿಂಗ್ ಆದ ಮೇಲೆ ಒಳಗೆ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ, ಹೆಚ್ಚಾದದ್ದು ಬಸಿದು ಒಣಗಲು ತೂಗಿಹಾಕಿದೆ. ಖರ್ಚು ಏನೂ ಇಲ್ಲ ಅನ್ನಬಹುದು. ಸುಮ್ನೆ ಬಿಟ್ಟುಬಿಡುವ ಕೆಲಸ ಇದಲ್ಲ.

ಬ್ರೇಕ್ ಬಗ್ಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಮಳೆಯಲ್ಲಿ ಆಗುಂಬೆಯ 14 ತಿರುವು ಭಾರ ಹೊತ್ತು ಇಳಿಯುವಾಗ ರಿಮ್ ಬ್ರೇಕ್ ಕೂಡಲೇ ಹಿಡಿಯುವುದಿಲ್ಲ, ಮಣ್ಣು ಸೇರಿ ರಿಮ್ಮನ್ನೂ ತಿನ್ನುತ್ತದೆ. ಎರಡೂ ಕಡೆ ಡಿಸ್ಕ್ ಹಾಕಿದರೆ ದುಡ್ಡು ಮೀರುತ್ತದೆ, ಡಿಸ್ಕ್ ಹಿಡಿಯುವ ಹಿಂದಿನ ಕ್ಯಾಲಿಪರ್ ಕ್ಯಾರಿಯರ್‌ಗೆ ಅಡ್ಡ ಬರುತ್ತದೆ. ಹಾಗಾಗಿ ಮುಂದೆ ಡಿಸ್ಕ್, ಹಿಂದೆ ವಿ-ಬ್ರೇಕ್, ಅಂದರೆ ರಿಮ್ ಹಿಡಿಯುವಂಥದ್ದು. ಮುಂದಿನ ಚಕ್ರ ಹಿಡಿಯುವ ಫೋರ್ಕ್ ರೆಡಿಮೇಡ್ ತಂದೆ. ಡಿಸ್ಕ್ ಬ್ರೇಕ್ ಒತ್ತಿದಾಗ ಆಕ್ಸಲ್ ಡ್ರಾಪ್‌ಔಟ್‌ನಿಂದ ಹೊರಗೆ ಜಾರಲು ನೋಡುತ್ತದೆ. ಅದಕ್ಕೆ ಸೀಳು ಮುಂದಕ್ಕೆ ಮುಖ ಮಾಡಿದ ಫೋರ್ಕನ್ನೇ ಹುಡುಕಿದೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಡಿಸ್ಕ್ ತಡೆಯಲು ಫೋರ್ಕ್ ಕಾಲು ದಪ್ಪ ಇರಲೇಬೇಕು, ದಪ್ಪ ಕಾಲು ಹೊಂಡದ ಪೆಟ್ಟನ್ನು ಹಾಗೆಯೇ ಕೈಗೆ ದಾಟಿಸುತ್ತದೆ. ಮೊದಲ ಸಲ ಹೋಗಿ ಬಂದವನು "ಕೈ ಜೋಮು ಹಿಡಿತದೆ ಮಾವ" ಅಂದ. ಈಗ ಮುಂದಿನ ಟಯರ್‌ಗೆ ಗಾಳಿ ಸ್ವಲ್ಪ ಕಮ್ಮಿ ಹೊಡೆಯುತ್ತಾನೆ.